ಉತ್ತರ ಸಮುದ್ರ ತೀರದ ಐತಿಹಾಸಿಕ ಪೈಪ್ ಆರ್ಗನ್‌ಗಳು

ಜರ್ಮನಿಯ ಎಲ್ಬೆ ನದಿಯ ಅಳಿವೆಯಿಂದ ನೆದರ್ಲೆಂಡ್ಸಿನ ಗ್ರೋನಿಂಗನ್ ಪ್ರಾಂತ್ಯದವರೆಗೆ ಉತ್ತರ ಸಮುದ್ರದ ಅಂಚಿನಲ್ಲಿ ಹಬ್ಬಿರುವ ತಗ್ಗು ನಾಡು ಹಳೆಯ ಪೈಪ್ ಆರ್ಗನ್‌ಗಳಿಗೆ ಹೆಸರಾಗಿದೆ. ಹ್ಯಾಂಬರ್ಗ್, ಸ್ಟಾಡೆ, ಬ್ರೆಮೆನ್, ಎಮ್ಡನ್, ಗ್ರೋನಿಂಗನ್ ಇಲ್ಲಿನ ಮುಖ್ಯ ನಗರಗಳು. ಬಾಲ್ಟಿಕ್ ತೀರದ ಲೂಬೆಕ್ ಮತ್ತು ಷ್ಟ್ರಾಲ್ಸುಂಡ್ ನಗರಗಳೂ ಇದೇ ಪರಂಪರೆಗೆ ಸೇರುತ್ತವೆ. 15ನೇ ಶತಮಾನದ ನಡುಗಾಲದಿಂದ 18ನೇ ಶತಮಾನದ ಕೊನೆಯವರೆಗೆ ಇಲ್ಲಿ ತಯಾರಾದ ಆರ್ಗನ್‌ಗಳಲ್ಲಿ ಹಲವು ಇಂದಿಗೂ ಅದೇ ಚರ್ಚುಗಳಲ್ಲಿ ನುಡಿಯುತ್ತಿವೆ. ಈ ಪರಂಪರೆಯ ಅತಿ ದೊಡ್ಡ ಹೆಸರು ಆರ್ಪ್ ಶ್ನಿಟ್ಗರ್ (1648–1719) ಅವರದು. ಇಲ್ಲಿನ ವಾದ್ಯಗಳು ಇಷ್ಟು ದೀರ್ಘಕಾಲ ಉಳಿದು ಬಂದುದಕ್ಕೆ ಮೂರು ಕಾರಣಗಳಿವೆ. ಹಳೆಯ ಕೊಳವೆಗಳನ್ನು ಬಿಸಾಡದೆ ಹೊಸ ವಾದ್ಯದಲ್ಲಿ ಬಳಸಿಕೊಳ್ಳುವ ರೂಢಿ ತಯಾರಕರಲ್ಲಿತ್ತು. 19ನೇ ಶತಮಾನದಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವಷ್ಟು ಹಣ ಹಳ್ಳಿಗಳಲ್ಲಿರಲಿಲ್ಲ. 20ನೇ ಶತಮಾನದಲ್ಲಿ ಹಳೆಯ ಕುಶಲತೆಯನ್ನು ಅಭ್ಯಾಸ ಮಾಡಿ ದುರಸ್ತಿಗೆ ಇಳಿದ ಒಂದು ಪೀಳಿಗೆ ಹುಟ್ಟಿಕೊಂಡಿತು.

ವಾದ್ಯದ ರಚನೆ

ಪೈಪ್ ಆರ್ಗನ್ ಗಾಳಿಯಿಂದ ನುಡಿಯುವ, ಕೀಲಿಮಣೆಯಿಂದ ನುಡಿಸುವ ವಾದ್ಯ. ಹಾರ್ಮೋನಿಯಂನಲ್ಲೂ ತಿದಿ ಮತ್ತು ಮಣೆ ಇವೆ. ಆದರೆ ಅಲ್ಲಿ ಸ್ವರ ಹುಟ್ಟುವುದು ಹಿತ್ತಾಳೆಯ ಸಣ್ಣ ರೀಡಿನಿಂದ. ಆರ್ಗನ್ನಿನಲ್ಲಿ ಪ್ರತಿ ಸ್ವರಕ್ಕೂ ಬೇರೆ ಕೊಳವೆಯಿರುತ್ತದೆ. ಪ್ರತಿ ನಾದಗುಣಕ್ಕೂ ಅಂಥ ಕೊಳವೆಗಳ ಬೇರೊಂದು ಸಾಲಿರುತ್ತದೆ. ಹೀಗೆ ಒಂದೇ ನಾದಗುಣದ ಸಾಲಿಗೆ ‘ಸ್ಟಾಪ್’ ಎಂದು ಹೆಸರು. ಹಳ್ಳಿಯ ಚರ್ಚಿನ ಪುಟ್ಟ ಆರ್ಗನ್ನಿನಲ್ಲಿ ಏಳೆಂಟು ಸ್ಟಾಪ್‌ಗಳಿದ್ದರೆ ನಗರದ ದೊಡ್ಡ ವಾದ್ಯದಲ್ಲಿ ಅರುವತ್ತನ್ನೂ ಮೀರುತ್ತವೆ. ಆಗ ಕೊಳವೆಗಳ ಸಂಖ್ಯೆ ನಾಲ್ಕು ಸಾವಿರದಷ್ಟಾಗುತ್ತದೆ.

ಕೊಳವೆಗಳು ಗಾಳಿಪೆಟ್ಟಿಗೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಪ್ರತಿ ಸಾಲಿನ ಕೆಳಗೆ ತೂತುಗಳಿರುವ ಒಂದು ಮರದ ಪಟ್ಟಿ ಇರುತ್ತದೆ. ವಾದಕ ಸ್ಟಾಪ್ ಗುಬುಟನ್ನು ಎಳೆದಾಗ ಪಟ್ಟಿ ಸರಿದು, ಅದರ ತೂತುಗಳು ಕೊಳವೆಗಳ ಬುಡಕ್ಕೆ ನೇರವಾಗುತ್ತವೆ. ಮಣೆಯ ಕೀಲಿಯನ್ನು ಒತ್ತಿದಾಗ ಪೆಟ್ಟಿಗೆಯೊಳಗಿನ ಕವಾಟ ತೆರೆದು ಗಾಳಿ ಕೊಳವೆಗೆ ನುಗ್ಗುತ್ತದೆ. ಕೀಲಿಗೂ ಕವಾಟಕ್ಕೂ ನಡುವಣ ಸಂಪರ್ಕ ತೆಳ್ಳನೆಯ ಮರದ ಕಡ್ಡಿಗಳದು. ಆದ್ದರಿಂದ ಬೆರಳಿನ ಒತ್ತು ನೇರವಾಗಿ ಕವಾಟವನ್ನು ತಲುಪುತ್ತದೆ. ಸ್ವರ ಹೇಗೆ ಆರಂಭವಾಗಬೇಕು, ಹೇಗೆ ಮುಗಿಯಬೇಕು ಎಂಬುದು ವಾದಕನ ಹಿಡಿತದಲ್ಲಿರುತ್ತದೆ. ವಿದ್ಯುತ್ ಬರುವ ಮುನ್ನ ಗಾಳಿ ಒದಗಿಸುತ್ತಿದ್ದವರು ತಿದಿ ತುಳಿಯುವ ಆಳುಗಳು. ಆರ್ಗನ್ನಿನ ಹಿಂದೆ ಅಥವಾ ಪಕ್ಕದ ಕೋಣೆಯಲ್ಲಿ ನಿಂತು ಅವರು ಒಂದಾದ ಮೇಲೊಂದು ತಿದಿಯನ್ನು ಕಾಲಿನಿಂದ ಒತ್ತುತ್ತಿದ್ದರು. ವಾದಕ ಒಬ್ಬನೇ ಕುಳಿತು ಅಭ್ಯಾಸ ಮಾಡುವುದು ಆ ಕಾಲದಲ್ಲಿ ಸಾಧ್ಯವಿರಲಿಲ್ಲ.

ಸ್ಟಾಪ್‌ಗಳ ಎತ್ತರವನ್ನು ಅಡಿಗಳಲ್ಲಿ ಹೇಳುವುದು ರೂಢಿ. 8 ಅಡಿಯ ಸ್ಟಾಪಿನಲ್ಲಿ ಅತಿ ತಗ್ಗಿನ ಕೊಳವೆ ಸುಮಾರು 2.4 ಮೀಟರ್ ಉದ್ದವಿದ್ದು, ಅದು ಮನುಷ್ಯರ ಹಾಡಿನ ಸಹಜ ಎತ್ತರಕ್ಕೆ ಹೊಂದುತ್ತದೆ. 4 ಅಡಿಯದು ಒಂದು ಸ್ಥಾಯಿ ಮೇಲೆ, 16 ಅಡಿಯದು ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. 32 ಅಡಿಯ ಕೊಳವೆಯ ಎತ್ತರ ಹತ್ತು ಮೀಟರಿಗೆ ಸಮೀಪ. ಅದರ ನಾದ ಕಿವಿಗೆ ಕೇಳಿಸುವುದಕ್ಕಿಂತ ಮೈಗೆ ತಾಕುವುದೇ ಹೆಚ್ಚು. ಪ್ರಿನ್ಸಿಪಲ್ ಎಂಬ ಸ್ಟಾಪ್ ಆರ್ಗನ್ನಿನ ಮೂಲ ಧ್ವನಿ. ಕೊಳಲಿನ ಗುಣದ ಸ್ಟಾಪ್‌ಗಳು, ನಾಲಗೆಯಂಥ ಹಿತ್ತಾಳೆ ತಗಡಿನಿಂದ ನುಡಿಯುವ ರೀಡ್ ಸ್ಟಾಪ್‌ಗಳು, ಒಂದು ಕೀಲಿಗೆ ಹಲವು ಎತ್ತರದ ಸಣ್ಣ ಕೊಳವೆಗಳನ್ನು ಒಟ್ಟಿಗೆ ನುಡಿಸುವ ಮಿಕ್ಸ್ಚರ್‌ಗಳು ಅದಕ್ಕೆ ಬಣ್ಣ ಕೊಡುತ್ತವೆ. ಟ್ರಂಪೆಟ್, ಟ್ರಾಂಬೋನ್, ದುಲ್ಸಿಯಾನ್ ಮೊದಲಾದ ರೀಡ್ ಸ್ಟಾಪ್‌ಗಳು ಹೇರಳವಾಗಿರುವುದು ಹ್ಯಾಂಬರ್ಗ್ ಕಡೆಯ ವಾದ್ಯಗಳ ವೈಶಿಷ್ಟ್ಯ.

ಇಲ್ಲಿನ ದೊಡ್ಡ ಆರ್ಗನ್ ವಾಸ್ತವವಾಗಿ ಹಲವು ಆರ್ಗನ್‌ಗಳ ಗುಂಪು. ಪ್ರತಿ ಮಣೆಗೂ ತನ್ನದೇ ಗಾಳಿಪೆಟ್ಟಿಗೆ, ತನ್ನದೇ ಮರದ ಗೂಡು ಇರುತ್ತದೆ. ನಡುವೆ ಮುಖ್ಯ ಭಾಗವಾದ ಹೌಪ್ಟ್‌ವೆರ್ಕ್, ಅದರ ಮೇಲೆ ಓಬರ್‌ವೆರ್ಕ್, ವಾದಕನ ಎದುರಿಗೆ ಬ್ರುಸ್ಟ್‌ವೆರ್ಕ್, ಅವನ ಬೆನ್ನ ಹಿಂದೆ ಗ್ಯಾಲರಿಯ ಕಟಕಟೆಗೆ ಸೇರಿಸಿದ ರೂಕ್‌ಪೊಸಿಟಿವ್, ಎರಡೂ ಪಕ್ಕಗಳಲ್ಲಿ ಕಾಲಿನಿಂದ ನುಡಿಸುವ ಪೆಡಲ್ ಕೊಳವೆಗಳ ಗೋಪುರಗಳು ಇರುತ್ತವೆ. ಹೊರಗಿನಿಂದ ನೋಡಿದೊಡನೆ ಒಳಗಿನ ವಿಭಾಗ ತಿಳಿಯುವ ಈ ಮುಖವಿನ್ಯಾಸ ‘ಹ್ಯಾಂಬರ್ಗ್ ಪ್ರೊಸ್ಪೆಕ್ಟ್’ ಎಂದು ಹೆಸರಾಗಿದೆ.

ಶ್ರುತಿಯ ಕ್ರಮವೂ ಇಂದಿನದಕ್ಕಿಂತ ಭಿನ್ನವಾಗಿತ್ತು. 17ನೇ ಶತಮಾನದ ಬಹುಪಾಲು ಆರ್ಗನ್‌ಗಳನ್ನು ಮೀನ್‌ಟೋನ್ ಪದ್ಧತಿಯಲ್ಲಿ ಶ್ರುತಿ ಮಾಡುತ್ತಿದ್ದರು. ಇದರಲ್ಲಿ ಹೆಚ್ಚು ಬಳಕೆಯ ಮೇಳಗಳಲ್ಲಿ ಷಡ್ಜಕ್ಕೂ ಅಂತರ ಗಾಂಧಾರಕ್ಕೂ ನಡುವಣ ಅಂತರ ಶುದ್ಧವಾಗಿ ಕೂಡಿ ಬರುತ್ತದೆ. ಪಂಚಮ ಸ್ವಲ್ಪ ಕಿರಿದಾಗುತ್ತದೆ. ದೂರದ ಶ್ರುತಿಗೆ ಹೋದಂತೆ ಸ್ವರಗಳು ಕರ್ಕಶವಾಗುವುದು ಇದಕ್ಕೆ ತೆರಬೇಕಾದ ಬೆಲೆ.

ಆರಂಭ ಕಾಲ

ಈ ನಾಡಿನ ಸಂಪತ್ತಿಗೆ ಮೂಲ ಎರಡು. ಒಂದು, ಹಾನ್ಸಾ ಒಕ್ಕೂಟದ ಬಂದರುಗಳ ವ್ಯಾಪಾರ. ಇನ್ನೊಂದು, ಕಡಲಿಗೆ ದಂಡೆ ಕಟ್ಟಿ ಉಳಿಸಿಕೊಂಡ ಜೇಡಿಮಣ್ಣಿನ ಫಲವತ್ತಾದ ಹೊಲಗಳು. ದನ ಮತ್ತು ಧಾನ್ಯ ಮಾರಿ ಅನುಕೂಲಸ್ಥರಾದ ರೈತರು ತಮ್ಮ ಹಳ್ಳಿಯ ಚರ್ಚಿನಲ್ಲೂ ನಗರದಲ್ಲಿರುವಂಥ ಆರ್ಗನ್ ಇರಬೇಕೆಂದು ಬಯಸಿದರು.

ಎಮ್ಸ್ ನದಿಯ ಅಳಿವೆಯ ಬಳಿ, ಪೂರ್ವ ಫ್ರೀಸ್‌ಲ್ಯಾಂಡಿನ ರೀಸುಮ್ ಹಳ್ಳಿಯ ಆರ್ಗನ್ ಇದಕ್ಕೆ ಒಳ್ಳೆಯ ಸಾಕ್ಷಿ. 15ನೇ ಶತಮಾನದ ನಡುಭಾಗಕ್ಕೆ ಸೇರಿದ ಈ ವಾದ್ಯವನ್ನು ಗ್ರೋನಿಂಗನ್ನಿನ ಮಾಸ್ಟರ್ ಹರ್ಮಾನುಸ್ ಎಂಬ ಕುಶಲಿ ಕಟ್ಟಿದನೆಂದು ಹೇಳುತ್ತಾರೆ. ಆರ್ಗನ್ನಿನ ಬೆಲೆ ತೀರಿಸಲು ತಮ್ಮ ಕೊಬ್ಬಿದ ದನಗಳನ್ನು ಎಮ್ಸ್ ದಾಟಿಸಿ ಗ್ರೋನಿಂಗನ್ನಿಗೆ ಒಯ್ಯಲು ರೀಸುಮಿನ ಜನ 1457ರಲ್ಲಿ ತಮ್ಮ ಪಾಳೆಯಗಾರನ ಅನುಮತಿ ಕೇಳಿದ ಸಂಗತಿ ಆ ಸೀಮೆಯ ಹಳೆಯ ವೃತ್ತಾಂತದಲ್ಲಿ ದಾಖಲಾಗಿದೆ. ಒಂದೇ ಮಣೆ, ಏಳು ಸ್ಟಾಪ್‌ಗಳ ಈ ಆರ್ಗನ್ ಇಂದಿಗೂ ನುಡಿಸಬಹುದಾದ ಯುರೋಪಿನ ಅತಿ ಹಳೆಯ ವಾದ್ಯಗಳಲ್ಲಿ ಒಂದು. ಗ್ರೋನಿಂಗನ್ ಪ್ರಾಂತ್ಯದ ಕ್ರೇವರ್ಡ್ ಹಳ್ಳಿಯ 1531ರ ಆರ್ಗನ್ನೂ ಇದೇ ಆದಿಕಾಲಕ್ಕೆ ಸೇರಿದ್ದು.

ಲೂಬೆಕ್ ನಗರದ ಸೇಂಟ್ ಯಾಕೋಬಿ ಚರ್ಚಿನ ಚಿಕ್ಕ ಆರ್ಗನ್ನಿನಲ್ಲಿ ಗಾಥಿಕ್ ಕಾಲದ ಮುಖ್ಯ ಭಾಗ ಉಳಿದಿದ್ದು, ಫ್ರೀಡ್ರಿಷ್ ಷ್ಟೆಲ್‌ವಾಗನ್ 1636–37ರಲ್ಲಿ ಅದಕ್ಕೆ ಹೊಸ ವಿಭಾಗಗಳನ್ನು ಸೇರಿಸಿದ. ಅದೇ ನಗರದ ಸೇಂಟ್ ಮೇರಿ ಚರ್ಚಿನಲ್ಲಿದ್ದ 1477ರ ‘ಮೃತ್ಯುನೃತ್ಯ ಆರ್ಗನ್’ 1942ರ ಮಾರ್ಚ್ ತಿಂಗಳ ವಾಯುದಾಳಿಯಲ್ಲಿ ಸುಟ್ಟುಹೋಯಿತು. ಸಾವು ಎಲ್ಲ ಅಂತಸ್ತಿನವರನ್ನೂ ಕುಣಿಸುತ್ತ ಕರೆದೊಯ್ಯುವ ಭಿತ್ತಿಚಿತ್ರವಿದ್ದ ಪ್ರಾರ್ಥನಾಗೃಹದಲ್ಲಿ ಇದ್ದುದರಿಂದ ಅದಕ್ಕೆ ಆ ಹೆಸರು.

ಹ್ಯಾಂಬರ್ಗ್‌ನ ಶೇರರ್ ಮನೆತನ

16ನೇ ಶತಮಾನದಲ್ಲಿ ಹ್ಯಾಂಬರ್ಗ್ ಆರ್ಗನ್ ಕಸುಬಿನ ಕೇಂದ್ರವಾಯಿತು. ಯಾಕೋಬ್ ಶೇರರ್, ಅವನ ಮಗ ಹಿರಿಯ ಹಾನ್ಸ್, ಮೊಮ್ಮಗ ಕಿರಿಯ ಹಾನ್ಸ್ ಮೂರು ತಲೆಮಾರು ಈ ಕೆಲಸ ನಡೆಸಿದರು. ಹ್ಯಾಂಬರ್ಗ್ ಪ್ರೊಸ್ಪೆಕ್ಟ್ ಖಚಿತ ರೂಪ ಪಡೆದದ್ದು ಇವರ ಕೈಯಲ್ಲಿ. ಹ್ಯಾಂಬರ್ಗ್‌ನ ದೊಡ್ಡ ಆರ್ಗನ್‌ಗಳ ಸ್ಟಾಪ್ ಪಟ್ಟಿಗಳನ್ನು ಮಿಖಾಯೆಲ್ ಪ್ರೆಟೋರಿಯುಸ್ 1619ರ ತನ್ನ ವಾದ್ಯಗ್ರಂಥದಲ್ಲಿ ಕೊಟ್ಟಿರುವುದರಿಂದ ಆಗಿನ ಅವುಗಳ ಸ್ವರೂಪ ತಿಳಿಯುತ್ತದೆ. ಕಿರಿಯ ಹಾನ್ಸ್ ಎಲ್ಬೆ ದಂಡೆಯ ಟಾಂಗರ್‌ಮ್ಯುಂಡೆ ಊರಿನ ಸೇಂಟ್ ಸ್ಟೀಫನ್ ಚರ್ಚಿಗೆ 1624ರಲ್ಲಿ ಕಟ್ಟಿದ ಆರ್ಗನ್ ಈ ಮನೆತನದ ಉಳಿದ ಕೃತಿಗಳಲ್ಲಿ ಮುಖ್ಯವಾದುದು.

ಸಾಕ್ಸನಿಯಿಂದ ಬಂದು ಹ್ಯಾಂಬರ್ಗ್‌ನಲ್ಲಿ ನೆಲೆಸಿದ ಗಾಟ್‌ಫ್ರೀಡ್ ಫ್ರಿಟ್ಷೆ (1578–1638) ವಿರಳ ನಾದಗುಣದ ರೀಡ್ ಸ್ಟಾಪ್‌ಗಳನ್ನು ತಂದು ಈ ಶೈಲಿಯನ್ನು ಬೆಳೆಸಿದ. ಅವನ ಬಳಿ ಕೆಲಸ ಮಾಡಿದ ಷ್ಟೆಲ್‌ವಾಗನ್ ಮುಂದೆ ಲೂಬೆಕ್‌ನಲ್ಲಿ ಕಾರ್ಯಾಗಾರ ತೆರೆದ. 1659ರಲ್ಲಿ ಮುಗಿದ, 51 ಸ್ಟಾಪ್‌ಗಳ ಷ್ಟ್ರಾಲ್ಸುಂಡ್ ಸೇಂಟ್ ಮೇರಿ ಚರ್ಚಿನ ಆರ್ಗನ್ ಅವನ ಅತಿ ದೊಡ್ಡ ಕೆಲಸ.

ಧರ್ಮ ಮತ್ತು ಸಂಗೀತ

ಪ್ರೊಟೆಸ್ಟೆಂಟ್ ಸುಧಾರಣೆಯ ನಂತರ ಈ ಸೀಮೆ ಎರಡು ಪಂಥಗಳ ನಡುವೆ ಹಂಚಿಹೋಯಿತು. ಲೂಥರನ್ ಪಂಥದ ಹ್ಯಾಂಬರ್ಗ್, ಲೂಬೆಕ್‌ಗಳಲ್ಲಿ ಆರ್ಗನ್ನಿಗೆ ಪೂಜೆಯಲ್ಲಿ ಗೌರವದ ಸ್ಥಾನ ಉಳಿಯಿತು. ಕ್ಯಾಲ್ವಿನ್ ಪಂಥದ ಗ್ರೋನಿಂಗನ್ ಮತ್ತು ಪೂರ್ವ ಫ್ರೀಸ್‌ಲ್ಯಾಂಡಿನ ಪಶ್ಚಿಮ ಭಾಗದಲ್ಲಿ ಅದನ್ನು ಅನುಮಾನದಿಂದ ನೋಡಲಾಯಿತು. 1574ರಲ್ಲಿ ಡೋರ್ಡ್ರೆಖ್ಟ್‌ನಲ್ಲಿ ಸೇರಿದ ಧರ್ಮಸಭೆ ಚರ್ಚಿನಲ್ಲಿ ಆರ್ಗನ್ ವಾದನ ನಿಲ್ಲಬೇಕೆಂದಿತು. ಆದರೂ ನೆದರ್ಲೆಂಡ್ಸಿನ ನಗರಗಳಲ್ಲಿ ಆರ್ಗನ್‌ಗಳು ನಾಶವಾಗಲಿಲ್ಲ. ಅವು ಚರ್ಚಿನ ಆಸ್ತಿಯಾಗಿರದೆ ನಗರಸಭೆಯ ಆಸ್ತಿಯಾಗಿದ್ದುದೇ ಇದಕ್ಕೆ ಕಾರಣ. ವಾದಕನಿಗೆ ಸಂಬಳ ಕೊಡುತ್ತಿದ್ದುದೂ ನಗರಸಭೆಯೇ. ಪ್ರಾರ್ಥನೆಗೆ ಮುಂಚೆ, ಪ್ರಾರ್ಥನೆಯ ನಂತರ ಸಾರ್ವಜನಿಕರಿಗಾಗಿ ಆರ್ಗನ್ ನುಡಿಸಲಾಗುತ್ತಿತ್ತು. ಕವಿ ಮತ್ತು ರಾಜತಾಂತ್ರಿಕ ಕಾನ್‌ಸ್ಟಾಂಟೈನ್ ಹೈಗನ್ಸ್ 1641ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ, ಸಭಿಕರ ಹಾಡಿಗೆ ಆರ್ಗನ್ ಜೊತೆಗೂಡಬೇಕೆಂದು ವಾದಿಸಿದ. ಮುಂದೆ ಅದೇ ರೂಢಿಗೆ ಬಂತು.

ವಾದ್ಯದ ಬೆಳವಣಿಗೆಗೂ ಸಂಗೀತದ ಬೆಳವಣಿಗೆಗೂ ನೇರ ನಂಟಿದೆ. ಆಮ್‌ಸ್ಟರ್‌ಡ್ಯಾಮಿನ ಔಡೆ ಕೆರ್ಕ್ ಚರ್ಚಿನ ವಾದಕ ಯಾನ್ ಪೀಟರ್‌ಸೋನ್ ಸ್ವೇಲಿಂಕ್ (ಮರಣ 1621) ಬಳಿ ಹ್ಯಾಂಬರ್ಗ್‌ನ ಯಾಕೋಬ್ ಪ್ರೆಟೋರಿಯುಸ್, ಹೈನ್‌ರಿಷ್ ಷೈಡ್‌ಮಾನ್ ಮೊದಲಾದವರು ಕಲಿತು ಬಂದರು. ಅವರ ನಂತರ ಯೋಹಾನ್ ಆಡಾಂ ರೈನ್‌ಕೆನ್, ಡೀಟ್‌ರಿಷ್ ಬುಕ್ಸ್‌ಟೆಹೂಡೆ, ನಿಕೊಲಾಸ್ ಬ್ರುನ್ಸ್, ವಿನ್ಸೆಂಟ್ ಲೂಬೆಕ್ ಈ ಧಾರೆಯನ್ನು ಮುಂದುವರಿಸಿದರು. ಬುಕ್ಸ್‌ಟೆಹೂಡೆ 1668ರಿಂದ 1707ರವರೆಗೆ ಲೂಬೆಕ್ ಸೇಂಟ್ ಮೇರಿ ಚರ್ಚಿನ ವಾದಕನಾಗಿದ್ದ. ಅವನನ್ನು ಕೇಳಲೆಂದೇ ಯುವಕ ಯೋಹಾನ್ ಸೆಬಾಸ್ಟಿಯನ್ ಬಾಖ್ 1705ರಲ್ಲಿ ಲೂಬೆಕ್‌ಗೆ ಬಂದ. ಇವರ ಕೃತಿಗಳಲ್ಲಿ ಮಂದ್ರ ಸ್ವರಗಳ ಸ್ವತಂತ್ರ ಪೆಡಲ್ ಸಾಲು ಎದ್ದು ಕಾಣುತ್ತದೆ. ಒಂದು ಮಣೆಯಿಂದ ಇನ್ನೊಂದಕ್ಕೆ ಹಾರುತ್ತ ಮಾಡುವ ಸವಾಲು–ಜವಾಬಿನ ಆಟವೂ ಅಷ್ಟೇ ಮುಖ್ಯ. ಬಿಡಿಬಿಡಿ ಗೂಡುಗಳ ಆರ್ಗನ್ ಇಲ್ಲದಿದ್ದರೆ ಇಂಥ ರಚನೆ ಹುಟ್ಟುತ್ತಿರಲಿಲ್ಲ.

ಆರ್ಪ್ ಶ್ನಿಟ್ಗರ್

ವೇಸರ್ ನದಿಯ ಅಳಿವೆಯ ಬಳಿಯ ಷ್ಮಾಲೆನ್‌ಫ್ಲೇಟ್ ಎಂಬಲ್ಲಿ 1648ರಲ್ಲಿ ಹುಟ್ಟಿದ ಶ್ನಿಟ್ಗರ್, ತನ್ನ ಬಂಧು ಬೆರೆಂಟ್ ಹುಸ್ ಬಳಿ ಕಸುಬು ಕಲಿತ. ಸ್ಟಾಡೆ ಪಟ್ಟಣದ ಸೇಂಟ್ ಕಾಸ್ಮೆ ಚರ್ಚಿಗೆ ಹುಸ್ 1668ರಿಂದ 1675ರವರೆಗೆ ಕಟ್ಟಿದ 42 ಸ್ಟಾಪ್‌ಗಳ ಆರ್ಗನ್ನಿನಲ್ಲಿ ಶಿಷ್ಯನ ಕೈಯೂ ಇದೆ. 1676ರಲ್ಲಿ ಹುಸ್ ತೀರಿಕೊಂಡ ಮೇಲೆ ಶ್ನಿಟ್ಗರ್ ಸ್ವತಂತ್ರವಾಗಿ ಕೆಲಸ ಹಿಡಿದ. 1682ರಲ್ಲಿ ಹ್ಯಾಂಬರ್ಗ್‌ಗೆ ವಾಸ ಬದಲಿಸಿದ. ಅಲ್ಲಿನ ಸೇಂಟ್ ನಿಕೊಲಾಯ್ ಚರ್ಚಿಗೆ 1687ರಲ್ಲಿ ಮುಗಿಸಿದ, ನಾಲ್ಕು ಮಣೆ ಮತ್ತು 67 ಸ್ಟಾಪ್‌ಗಳ ಆರ್ಗನ್ ಆ ಕಾಲದ ಅತಿ ದೊಡ್ಡ ವಾದ್ಯಗಳಲ್ಲೊಂದು. ವಿನ್ಸೆಂಟ್ ಲೂಬೆಕ್ 1702ರಲ್ಲಿ ಸ್ಟಾಡೆಯಿಂದ ಬಂದು ಈ ಆರ್ಗನ್ನಿನ ವಾದಕನಾದ. 1842ರ ಹ್ಯಾಂಬರ್ಗ್ ಬೆಂಕಿ ಅನಾಹುತದಲ್ಲಿ ಅದು ನಾಶವಾಯಿತು.

ಹೊಸತು, ಮಾರ್ಪಡಿಸಿದ್ದು ಎಲ್ಲ ಸೇರಿ ಶ್ನಿಟ್ಗರ್ 150ಕ್ಕೂ ಹೆಚ್ಚು ಆರ್ಗನ್‌ಗಳನ್ನು ಕಟ್ಟಿದ. ಇಷ್ಟು ಕೆಲಸ ಒಬ್ಬನಿಂದ ಆಗುವುದಲ್ಲ. ಹಲವು ಊರುಗಳಲ್ಲಿ ಏಕಕಾಲಕ್ಕೆ ಕೆಲಸ ನಡೆಸುವ ನುರಿತ ಸಹಾಯಕರ ತಂಡಗಳು ಅವನ ಕೈಕೆಳಗಿದ್ದವು. ಬೇರೆ ಬೇರೆ ಸಂಸ್ಥಾನಗಳಿಂದ ಆರ್ಗನ್ ಕಟ್ಟುವ ವಿಶೇಷ ಹಕ್ಕುಪತ್ರಗಳನ್ನು ಅವನು ಪಡೆದಿದ್ದ; 1708ರಲ್ಲಿ ಪ್ರಷ್ಯದ ಆಸ್ಥಾನದ ಆರ್ಗನ್ ತಯಾರಕನೆಂಬ ಪದವಿಯೂ ಸಿಕ್ಕಿತು. ಬಡ ಚರ್ಚುಗಳಿಗೆ ಲಾಭವಿಲ್ಲದೆ ಕೆಲಸ ಮಾಡಿಕೊಟ್ಟ ಉದಾಹರಣೆಗಳೂ ಇವೆ. ಅವನ ವಾದ್ಯಗಳು ಹಡಗೇರಿ ದೂರ ದೇಶಗಳಿಗೂ ಹೋದವು. 1753ರಲ್ಲಿ ಬ್ರೆಜಿಲಿನ ಮರಿಯಾನ ನಗರದ ಕತೀಡ್ರಲ್ ಸೇರಿದ ಆರ್ಗನ್ ಅವನ ಕಾರ್ಯಾಗಾರದ್ದೆಂದು ಗುರುತಿಸಲಾಗಿದೆ.

ಹ್ಯಾಂಬರ್ಗ್‌ನ ಪಶ್ಚಿಮಕ್ಕೆ ಎಲ್ಬೆ ದಂಡೆಯಲ್ಲಿ ಹಣ್ಣಿನ ತೋಟಗಳಿಗೆ ಹೆಸರಾದ ಆಲ್ಟೆಸ್ ಲ್ಯಾಂಡ್ ಸೀಮೆಯಲ್ಲಿ ಶ್ನಿಟ್ಗರ್ ಕೃತಿಗಳು ಒತ್ತಾಗಿವೆ. ಷ್ಟೈನ್‌ಕಿರ್ಷೆನ್ (1687), ನಾಯೆನ್‌ಫೆಲ್ಡೆ (1688), ಹೊಲರ್ನ್ ಊರುಗಳ ಚರ್ಚುಗಳಲ್ಲಿ ಅವನ್ನು ನೋಡಬಹುದು. ನಾಯೆನ್‌ಫೆಲ್ಡೆಯ ಓಟ್ಟೆ ಮನೆತನದ ಗೆರ್ಟ್ರೂಡಳನ್ನು 1684ರಲ್ಲಿ ಮದುವೆಯಾದ ಅವನಿಗೆ ಅಲ್ಲಿನ ಜಮೀನು ಮನೆ ಬಂದಿತು. ಅದಕ್ಕೆ ಇಂದಿಗೂ ‘ಆರ್ಗನ್ ತಯಾರಕನ ಮನೆ’ ಎಂದೇ ಹೆಸರು. ಆ ಊರಿನ ಚರ್ಚಿನಲ್ಲಿ ಅವನ ಕುಟುಂಬದ ಪೀಠವಿದೆ. 1719ರ ಜುಲೈನಲ್ಲಿ ಅವನನ್ನು ಸಮಾಧಿ ಮಾಡಿದ್ದೂ ಅಲ್ಲಿಯೇ.

ಪೂರ್ವ ಫ್ರೀಸ್‌ಲ್ಯಾಂಡಿನ ನಾರ್ಡನ್ ಪಟ್ಟಣದ ಸೇಂಟ್ ಲುಡ್ಗರ್ ಚರ್ಚಿನ ಆರ್ಗನ್ (1686–1692) ಜಾಗಕ್ಕೆ ತಕ್ಕಂತೆ ವಾದ್ಯ ರೂಪಿಸುವ ಅವನ ಜಾಣ್ಮೆಗೆ ಸಾಕ್ಷಿ. 46 ಸ್ಟಾಪ್‌ಗಳ ಈ ವಾದ್ಯ ಚರ್ಚಿನ ನಡುವಣ ದಪ್ಪ ಕಂಬವೊಂದನ್ನು ಸುತ್ತುವರಿದು ನಿಂತಿದೆ. ಪೆಡಲ್ ಗೋಪುರ ಒಂದೇ ಪಕ್ಕದಲ್ಲಿದೆ. ಹೀಗಾಗಿ ಅದರ ನಾದ ಕಟ್ಟಡದ ಬೇರೆ ಬೇರೆ ಭಾಗಗಳಿಗೂ ತಲುಪುತ್ತದೆ. ಶ್ನಿಟ್ಗರ್ 1680ರಲ್ಲಿ ಹ್ಯಾಂಬರ್ಗ್‌ನ ಸೇಂಟ್ ಯೊಹಾನಿಸ್ ಮಠದ ಚರ್ಚಿಗೆ ಕಟ್ಟಿದ 30 ಸ್ಟಾಪ್‌ಗಳ ಆರ್ಗನ್ 1816ರಲ್ಲಿ ಕಡಲಂಚಿನ ಕಾಪೆಲ್ ಹಳ್ಳಿಗೆ ಸಾಗಿತು. ಅಂಧ ವಾದಕ ಹೆಲ್ಮುಟ್ ವಾಲ್ಖ 1950ರ ದಶಕದ ಆರಂಭದಲ್ಲಿ ಬಾಖ್‌ನ ಕೃತಿಗಳನ್ನು ಇದರ ಮೇಲೆ ನುಡಿಸಿ ಧ್ವನಿಮುದ್ರಿಸಿದ ಮೇಲೆ ಈ ಹಳ್ಳಿಯ ಹೆಸರು ಜಗತ್ತಿಗೆ ತಿಳಿಯಿತು.

ಹ್ಯಾಂಬರ್ಗ್ ಸೇಂಟ್ ಯಾಕೋಬಿ ಆರ್ಗನ್

ಶ್ನಿಟ್ಗರ್‌ನ ಉಳಿದಿರುವ ಆರ್ಗನ್‌ಗಳಲ್ಲಿ ಅತಿ ಮುಖ್ಯವಾದದ್ದು ಹ್ಯಾಂಬರ್ಗ್‌ನ ಸೇಂಟ್ ಯಾಕೋಬಿ ಚರ್ಚಿನದು. 1689ರಿಂದ 1693ರವರೆಗೆ ಕಟ್ಟಿದ ಈ ವಾದ್ಯದಲ್ಲಿ ನಾಲ್ಕು ಮಣೆ, ಒಂದು ಪೆಡಲ್, 60 ಸ್ಟಾಪ್ ಮತ್ತು ಸುಮಾರು 4,000 ಕೊಳವೆಗಳಿವೆ. ಪೆಡಲ್‌ನಲ್ಲಿ 32 ಅಡಿಯ ಪ್ರಿನ್ಸಿಪಲ್ ಇದೆ. ಇದರ ಶ್ರುತಿ ಇಂದಿನ 440 ಹರ್ಟ್ಸ್ ಮಾನಕ್ಕಿಂತ ಸುಮಾರು ಒಂದು ಸ್ವರದಷ್ಟು ಮೇಲಿದ್ದು 495 ಹರ್ಟ್ಸ್ ಸಮೀಪ ಬರುತ್ತದೆ. ಕೊಳವೆಗಳು ಎಲ್ಲವೂ ಶ್ನಿಟ್ಗರ್ ಮಾಡಿದವಲ್ಲ. ಶೇರರ್‌ಗಳ ಮತ್ತು ಫ್ರಿಟ್ಷೆಯ ಕಾಲದ ಸಾಲುಗಳನ್ನು ಅವನು ಹಾಗೆಯೇ ಉಳಿಸಿಕೊಂಡು ತನ್ನ ಕೊಳವೆಗಳೊಂದಿಗೆ ಹೊಂದಿಸಿದ. ಆದ್ದರಿಂದ ಈ ಒಂದು ವಾದ್ಯದಲ್ಲಿ 16ನೇ ಮತ್ತು 17ನೇ ಶತಮಾನಗಳ ಹಲವು ಕೈಗಳ ನಾದ ಒಟ್ಟಿಗೆ ಕೇಳಸಿಗುತ್ತದೆ.

1720ರಲ್ಲಿ ಈ ಚರ್ಚಿನ ವಾದಕ ಹೈನ್‌ರಿಷ್ ಫ್ರೇಸೆ ತೀರಿಕೊಂಡಾಗ ತೆರವಾದ ಸ್ಥಾನಕ್ಕೆ ಬಾಖ್ ಕೂಡ ಅಭ್ಯರ್ಥಿಯಾಗಿದ್ದ. ಆ ಭೇಟಿಯಲ್ಲಿ ಅವನು ಸೇಂಟ್ ಕಾಥರೀನ್ ಚರ್ಚಿನ ಆರ್ಗನ್ನಿನ ಮೇಲೆ ಎರಡು ಗಂಟೆಗೂ ಹೆಚ್ಚು ಕಾಲ ನುಡಿಸಿ, ಮುದುಕನಾಗಿದ್ದ ರೈನ್‌ಕೆನ್‌ನ ಮೆಚ್ಚುಗೆ ಪಡೆದ. ಯಾಕೋಬಿ ಚರ್ಚಿನ ಕೆಲಸ ಮಾತ್ರ ಯೋಹಾನ್ ಯೋಆಖಿಂ ಹೈಟ್‌ಮಾನ್ ಎಂಬಾತನಿಗೆ ಹೋಯಿತು. ಅವನು ಚರ್ಚಿನ ಬೊಕ್ಕಸಕ್ಕೆ 4,000 ಮಾರ್ಕ್ ಕಟ್ಟಿದ್ದ.

ಗ್ರೋನಿಂಗನ್ ಮತ್ತು ಶ್ನಿಟ್ಗರ್‌ನ ಉತ್ತರಾಧಿಕಾರಿಗಳು

ಗ್ರೋನಿಂಗನ್ ನಗರದ ಮಾರ್ಟಿನಿ ಚರ್ಚಿನ ಆರ್ಗನ್ ಮೂಲತಃ 15ನೇ ಶತಮಾನದ್ದು. ಮಾನವತಾವಾದಿ ವಿದ್ವಾಂಸ ರೊಡೊಲ್ಫುಸ್ ಅಗ್ರಿಕೋಲನ ಹೆಸರು ಅದರೊಂದಿಗೆ ತಳಕು ಹಾಕಿಕೊಂಡಿದೆ. ಶ್ನಿಟ್ಗರ್ 1692ರಲ್ಲಿ ಅದನ್ನು ವಿಸ್ತರಿಸಿ ಪೆಡಲ್ ಗೋಪುರಗಳನ್ನು ಸೇರಿಸಿದ. ವಿಶ್ವವಿದ್ಯಾಲಯದ ಚರ್ಚಿಗಾಗಿ 1702ರಲ್ಲಿ ಅವನು ಕಟ್ಟಿದ ಇನ್ನೊಂದು ಆರ್ಗನ್ 1815ರಲ್ಲಿ ಅದೇ ನಗರದ ಆ-ಕೆರ್ಕ್ ಚರ್ಚಿಗೆ ವರ್ಗವಾಯಿತು. ನೋರ್ಡ್‌ಬ್ರೂಕ್ (1696), ಔಟ್‌ಹೌಜನ್ (1701) ಹಳ್ಳಿಗಳಲ್ಲೂ ಅವನ ವಾದ್ಯಗಳಿವೆ.

ಶ್ನಿಟ್ಗರ್‌ನ ಮಕ್ಕಳಾದ ಫ್ರಾನ್ಸ್ ಕಾಸ್ಪರ್ ಮತ್ತು ಯೋಹಾನ್ ಗೇಯೊರ್ಗ್ ನೆದರ್ಲೆಂಡ್ಸಿನ ಜ್ವೋಲೆ ನಗರದ ಸೇಂಟ್ ಮೈಕೆಲ್ ಚರ್ಚಿನಲ್ಲಿ 64 ಸ್ಟಾಪ್‌ಗಳ ಆರ್ಗನ್ನನ್ನು 1721ರಲ್ಲಿ ಮುಗಿಸಿದರು. ಫ್ರಾನ್ಸ್ ಕಾಸ್ಪರ್ 1725ರಲ್ಲಿ ಆಲ್ಕ್‌ಮಾರ್ ನಗರದ ದೊಡ್ಡ ಆರ್ಗನ್ನನ್ನು ಪುನರ್ರಚಿಸಿ 1729ರಲ್ಲಿ ತೀರಿಕೊಂಡ. ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಆಲ್ಬರ್ಟಸ್ ಆಂಟೋನಿ ಹಿನ್ಸ್ (1704–1785) ಅವನ ವಿಧವೆಯನ್ನು ಮದುವೆಯಾಗಿ ಗ್ರೋನಿಂಗನ್ನಿನ ಕಾರ್ಯಾಗಾರವನ್ನು ಮುಂದುವರಿಸಿದ. ಲೇನ್ಸ್ ಹಳ್ಳಿಯ 1733ರ ಆರ್ಗನ್ ಅವನ ಆರಂಭದ ಕೃತಿ. ಹಿನ್ಸ್ ನಂತರ ಹೈನ್‌ರಿಷ್ ಹರ್ಮನ್ ಫ್ರೈಟಾಗ್, ಆಮೇಲೆ ಲೋಮಾನ್ ಮತ್ತು ಫಾನ್ ಊಕೆಲನ್ ಮನೆತನಗಳು ಇದೇ ಪ್ರಾಂತ್ಯದಲ್ಲಿ ಕೆಲಸ ಮಾಡಿದವು.

ಜರ್ಮನಿಯ ಭಾಗದಲ್ಲಿ ಶಿಷ್ಯರ ಸಾಲು ಇನ್ನೂ ಉದ್ದವಾಗಿದೆ. ಮಟಿಯಾಸ್ ಡ್ರೋಪಾ ಲ್ಯೂನೆಬುರ್ಗ್ ಸೇಂಟ್ ಯೊಹಾನಿಸ್ ಚರ್ಚಿನ ಹಳೆಯ ಆರ್ಗನ್ನನ್ನು 1712–15ರಲ್ಲಿ ವಿಸ್ತರಿಸಿದ. ಕ್ರಿಸ್ಟಿಯಾನ್ ಫಾಟರ್ ಆಮ್‌ಸ್ಟರ್‌ಡ್ಯಾಮಿನ ಔಡೆ ಕೆರ್ಕ್ ಚರ್ಚಿಗೆ 1724–26ರಲ್ಲಿ ಆರ್ಗನ್ ಕಟ್ಟಿದ. ಗೆರ್ಹಾರ್ಡ್ ಫಾನ್ ಹೋಲಿ ಪೂರ್ವ ಫ್ರೀಸ್‌ಲ್ಯಾಂಡಿನ ಡೋರ್ನುಮ್ (1711) ಮತ್ತು ಮರಿಯೆನ್‌ಹಾಫೆ (1713) ಚರ್ಚುಗಳಿಗೆ ಕಟ್ಟಿದ ವಾದ್ಯಗಳು ಚೆನ್ನಾಗಿ ಉಳಿದಿವೆ. ಎರಾಸ್ಮುಸ್ ಬೀಲ್‌ಫೆಲ್ಟ್ ಸ್ಟಾಡೆಯ ಸೇಂಟ್ ವಿಲ್‌ಹಾಡಿ ಚರ್ಚಿನ ಆರ್ಗನ್ನನ್ನು 1735ರಲ್ಲಿ ಮುಗಿಸಿದ. ಹ್ಯಾಂಬರ್ಗ್‌ನ ಸೇಂಟ್ ಮಿಖಾಯೆಲಿಸ್ ಚರ್ಚಿಗೆ ಸಂಗೀತ ವಿದ್ವಾಂಸ ಯೋಹಾನ್ ಮಾಟೆಸೋನ್ ಕೊಟ್ಟ ದೊಡ್ಡ ದೇಣಿಗೆಯಿಂದ ಸಾಕ್ಸನಿಯ ಯೋಹಾನ್ ಗಾಟ್‌ಫ್ರೀಡ್ ಹಿಲ್ಡೆಬ್ರಾಂಟ್ 1760ರ ದಶಕದಲ್ಲಿ ಭಾರಿ ಆರ್ಗನ್ ಕಟ್ಟಿದ. 1906ರ ಬೆಂಕಿಯಲ್ಲಿ ಅದು ಚರ್ಚಿನೊಂದಿಗೆ ಸುಟ್ಟುಹೋಯಿತು.

19ನೇ ಶತಮಾನ ಮತ್ತು ಯುದ್ಧಕಾಲ

19ನೇ ಶತಮಾನದಲ್ಲಿ ಕೇಳುಗರ ಅಭಿರುಚಿ ಬದಲಾಯಿತು. ಸಿಂಫನಿ ವಾದ್ಯವೃಂದದಂತೆ ಮೆಲ್ಲಗೆ ಏರಿ ಇಳಿಯುವ ಮೃದು ನಾದ ಜನರಿಗೆ ಬೇಕಾಯಿತು. ವಿಲ್‌ಹೆಲ್ಮ್ ಸೌವರ್ 1894ರಲ್ಲಿ ಬ್ರೆಮೆನ್ ಕತೀಡ್ರಲ್‌ನಲ್ಲಿ ಕಟ್ಟಿದ ಆರ್ಗನ್ ಈ ಹೊಸ ಶೈಲಿಗೆ ಉತ್ತಮ ಮಾದರಿ. ನಗರಗಳಲ್ಲಿ ಹಲವು ಹಳೆಯ ಆರ್ಗನ್‌ಗಳು ಬದಲಾದವು ಅಥವಾ ಕಣ್ಮರೆಯಾದವು. ಹಳ್ಳಿಗಳಲ್ಲಿ ಹಣವಿಲ್ಲದೆ ಹಳೆಯದೇ ನಿಂತಿತು.

ಮೊದಲನೇ ಮಹಾಯುದ್ಧದಲ್ಲಿ, 1917ರಲ್ಲಿ, ಜರ್ಮನ್ ಸರ್ಕಾರ ಆರ್ಗನ್‌ಗಳ ಮುಂಭಾಗದ ತವರದ ಕೊಳವೆಗಳನ್ನು ಯುದ್ಧಸಾಮಗ್ರಿಗಾಗಿ ವಶಪಡಿಸಿಕೊಂಡಿತು. ಯಾಕೋಬಿ ಆರ್ಗನ್ನಿನ ಮುಖದ ಕೊಳವೆಗಳೂ ಹೀಗೆ ಹೋದವು. ಎರಡನೇ ಮಹಾಯುದ್ಧದ ಬಾಂಬ್ ದಾಳಿ ಇನ್ನೂ ದೊಡ್ಡ ಪೆಟ್ಟು ಕೊಟ್ಟಿತು. 1943ರಲ್ಲಿ ಸೇಂಟ್ ಕಾಥರೀನ್ ಚರ್ಚಿನ ಆರ್ಗನ್, 520 ಕೊಳವೆಗಳ ಹೊರತು, ಸುಟ್ಟುಹೋಯಿತು. 1944ರಲ್ಲಿ ಯಾಕೋಬಿ ಚರ್ಚಿಗೆ ಬಾಂಬ್ ಬಿದ್ದಾಗ ಆರ್ಗನ್ನಿನ ಗೂಡು ನಾಶವಾಯಿತು. ಕೊಳವೆಗಳನ್ನೂ ಗಾಳಿಪೆಟ್ಟಿಗೆಗಳನ್ನೂ ಮೊದಲೇ ಸುರಕ್ಷಿತ ಜಾಗಕ್ಕೆ ಸಾಗಿಸಿದ್ದರಿಂದ ಅವು ಉಳಿದವು.

ಮರುಶೋಧ ಮತ್ತು ಪುನರುದ್ಧಾರ

ಹಳೆಯ ಆರ್ಗನ್‌ಗಳ ಬೆಲೆ ಮತ್ತೆ ತಿಳಿಯತೊಡಗಿದ್ದು ಎರಡು ಯುದ್ಧಗಳ ನಡುವಣ ಕಾಲದಲ್ಲಿ. ಲೇಖಕ ಹಾನ್ಸ್ ಹೆನಿ ಯಾನ್, ಹಾಳುಬಿದ್ದಂತಿದ್ದ ಯಾಕೋಬಿ ಆರ್ಗನ್ನನ್ನು ಪರೀಕ್ಷಿಸಿ ಅದರ ದುರಸ್ತಿಗೆ ಮುಂದಾದ. ಹಣ ಕೂಡಿಸಲು ಅಲ್ಲಿ ಕಛೇರಿಗಳು ನಡೆದವು. 1925ರಲ್ಲಿ ಹ್ಯಾಂಬರ್ಗ್ ಮತ್ತು ಲೂಬೆಕ್‌ಗಳಲ್ಲಿ ಸೇರಿದ ಆರ್ಗನ್ ತಜ್ಞರ ಸಮ್ಮೇಳನ ಹಳೆಯ ವಾದ್ಯಗಳನ್ನು ಹೊಸ ಆರ್ಗನ್‌ಗಳಿಗೆ ಮಾದರಿಯಾಗಿ ಮುಂದಿಟ್ಟಿತು.

ದುರಸ್ತಿಯ ವಿಧಾನವನ್ನು ಬದಲಿಸಿದವರಲ್ಲಿ ಯ್ಯುರ್ಗನ್ ಆರೆಂಡ್ (1930–2024) ಪ್ರಮುಖರು. ಅವರು ಗೆರ್ಹಾರ್ಡ್ ಬ್ರುನ್ಸೆಮಾ ಜೊತೆ 1954ರಲ್ಲಿ ಪೂರ್ವ ಫ್ರೀಸ್‌ಲ್ಯಾಂಡಿನ ಲೇರ್ ಪಟ್ಟಣದಲ್ಲಿ ಕಾರ್ಯಾಗಾರ ತೆರೆದರು. ವೆಸ್ಟರ್‌ಹುಸೆನ್, ಉಟ್ಟುಮ್, ರೀಸುಮ್ ಹಳ್ಳಿಗಳ ಪುಟ್ಟ ಆರ್ಗನ್‌ಗಳು ಅವರ ಮೊದಲ ಪಾಠಶಾಲೆ. ಹಳೆಯ ಕೊಳವೆಯ ಬಾಯಿಯನ್ನು ಕತ್ತರಿಸಿ ಈಗಿನ ರುಚಿಗೆ ಹೊಂದಿಸುವ ಬದಲು, ಮೂಲ ತಯಾರಕ ಬಿಟ್ಟುಹೋದ ಗುರುತುಗಳನ್ನು ಓದಿ ಆ ನಾದಕ್ಕೇ ಮರಳುವುದು ಅವರ ಕ್ರಮ. ಕಳೆದುಹೋದ ಸಾಲುಗಳನ್ನು ಪಕ್ಕದ ಹಳೆಯ ಕೊಳವೆಗಳ ಲೋಹ, ದಪ್ಪ, ಅಗಲ ಅಳೆದು ಹೊಸದಾಗಿ ಮಾಡಲಾಯಿತು. ಸ್ಟಾಡೆಯ ಸೇಂಟ್ ಕಾಸ್ಮೆ (1975), ಗ್ರೋನಿಂಗನ್ನಿನ ಮಾರ್ಟಿನಿ (1977 ಮತ್ತು 1984), ನಾರ್ಡನ್ (1985), ಕೊನೆಗೆ ಹ್ಯಾಂಬರ್ಗ್ ಯಾಕೋಬಿ (1993) ಆರ್ಗನ್‌ಗಳು ಆರೆಂಡ್ ಕೈಯಲ್ಲಿ ಮರಳಿ ಸಿದ್ಧವಾದವು.

ಕೊಳವೆಯ ಲೋಹದ ಅಧ್ಯಯನವೂ ಇದರೊಂದಿಗೆ ಬೆಳೆಯಿತು. ತವರ ಮತ್ತು ಸೀಸವನ್ನು ಕರಗಿಸಿ ಉದ್ದನೆಯ ಮೇಜಿನ ಮೇಲೆ ಹಾಳೆಯಾಗಿ ಹರಿಯಬಿಟ್ಟು, ಆರಿದ ಮೇಲೆ ಕತ್ತರಿಸಿ, ಸುರುಳಿ ಸುತ್ತಿ ಬೆಸೆದರೆ ಕೊಳವೆ ಸಿದ್ಧ. ಶ್ನಿಟ್ಗರ್ ಕಾಲದಲ್ಲಿ ಲೋಹವನ್ನು ಮರಳು ಹಾಸಿದ ಮೇಜಿನ ಮೇಲೆ ಎರೆಯುತ್ತಿದ್ದರು. ಮರಳಿನ ಮೇಲೆ ಬೇಗ ಆರಿದ ಹಾಳೆ ಗಟ್ಟಿಯಾಗಿರುತ್ತದೆ. ನಾದದ ಮೇಲೂ ಅದರ ಪರಿಣಾಮವಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು ಈ ವಿಧಾನವನ್ನು ಮತ್ತೆ ಕಂಡುಕೊಂಡು, ಅಲ್ಲಿನ ಎರ್ಗ್ರ್ಯುಟೆ ಹೊಸ ಚರ್ಚಿನಲ್ಲಿ 2000ದಲ್ಲಿ ಶ್ನಿಟ್ಗರ್ ಶೈಲಿಯ ಪೂರ್ಣ ಪ್ರಮಾಣದ ಆರ್ಗನ್ ನಿರ್ಮಿಸಿದರು. ಹ್ಯಾಂಬರ್ಗ್‌ನ ಸೇಂಟ್ ಕಾಥರೀನ್ ಚರ್ಚಿನಲ್ಲಿ ನೆದರ್ಲೆಂಡ್ಸಿನ ಫ್ಲೆಂಟ್ರೋಪ್ ಸಂಸ್ಥೆ ಉಳಿದ 520 ಕೊಳವೆಗಳನ್ನು ಬಳಸಿ, ಹಳೆಯ ಆರ್ಗನ್ನಿನ ಮಾದರಿಯನ್ನು 2013ರಲ್ಲಿ ಮರುನಿರ್ಮಿಸಿತು.

ಸಭಾಂಗಣದ ಆರ್ಗನ್‌ಗಳು

ಚರ್ಚಿನ ಹೊರಗೆ, ಸಂಗೀತ ಸಭಾಂಗಣಗಳಲ್ಲಿ ಆರ್ಗನ್ ಈ ಸೀಮೆಗೆ ಬಂದದ್ದು ತಡವಾಗಿ. ಹ್ಯಾಂಬರ್ಗ್‌ನ ಲೈಸ್‌ಹಾಲೆ ಸಭಾಂಗಣ 1908ರಲ್ಲಿ ತೆರೆಯಿತು. ಅಲ್ಲಿ ಈಗಿರುವ 1951ರ ಆರ್ಗನ್ ಹ್ಯಾಂಬರ್ಗ್‌ನವರೇ ಆದ ರೂಡೊಲ್ಫ್ ಫಾನ್ ಬೆಕೆರಾಟ್ ಕೃತಿ. 2017ರ ಜನವರಿಯಲ್ಲಿ ತೆರೆದ ಎಲ್ಬ್‌ಫಿಲ್ಹಾರ್ಮೊನಿಗೆ ಬಾನ್ ನಗರದ ಕ್ಲಾಯ್ಸ್ ಸಂಸ್ಥೆ 69 ಸ್ಟಾಪ್, 4,765 ಕೊಳವೆಗಳ ಆರ್ಗನ್ ಕಟ್ಟಿಕೊಟ್ಟಿತು. ಈ ವಾದ್ಯಕ್ಕೆ ಹ್ಯಾಂಬರ್ಗ್ ಪ್ರೊಸ್ಪೆಕ್ಟ್‌ನಂಥ ಮುಖವಿಲ್ಲ. ಕೊಳವೆಗಳು ಪ್ರೇಕ್ಷಕರ ಆಸನಗಳ ಪಕ್ಕದವರೆಗೂ ಚಾಚಿದ್ದು, ಜನ ಮುಟ್ಟಿದರೂ ಹಾಳಾಗದಂತೆ ಅವಕ್ಕೆ ರಕ್ಷಣಾ ಲೇಪ ಕೊಡಲಾಗಿದೆ.

ಇಂದಿನ ಸ್ಥಿತಿ

ಶ್ನಿಟ್ಗರ್ ಕೆಲಸದ ಗಣನೀಯ ಭಾಗ ಉಳಿದಿರುವ ಆರ್ಗನ್‌ಗಳು ಈಗ ಸುಮಾರು 30. ಹರಾಲ್ಡ್ ಫೋಗಲ್ 1972ರಲ್ಲಿ ಸ್ಥಾಪಿಸಿದ ಉತ್ತರ ಜರ್ಮನ್ ಆರ್ಗನ್ ಅಕಾಡೆಮಿ ಹಳೆಯ ವಾದ್ಯಗಳ ಮೇಲೆಯೇ ಹಳೆಯ ಸಂಗೀತವನ್ನು ಕಲಿಸಿತು. ಹಲವು ದೇಶಗಳ ವಾದಕರು ಹಳ್ಳಿಯ ಚರ್ಚುಗಳಿಗೆ ಬಂದು ಕಲಿತರು. ವೇನರ್ ಪಟ್ಟಣದ ಓರ್ಗನೇಯುಮ್ ಕೇಂದ್ರ ಮತ್ತು ಸ್ಟಾಡೆಯ ಆರ್ಗನ್ ಅಕಾಡೆಮಿ ಇದೇ ಕೆಲಸದಲ್ಲಿ ತೊಡಗಿವೆ. ಚಳಿಗಾಲದಲ್ಲಿ ಚರ್ಚನ್ನು ಅತಿಯಾಗಿ ಬಿಸಿ ಮಾಡಿದರೆ ಗಾಳಿಪೆಟ್ಟಿಗೆಯ ಮರ ಒಣಗಿ ಬಿರುಕು ಬಿಡುತ್ತದೆ. ಸೀಸದ ಕೊಳವೆಗಳು ಸವೆಯುವುದೂ ಉಂಟು. ಆದ್ದರಿಂದ ದುರಸ್ತಿ ಒಮ್ಮೆಗೆ ಮುಗಿಯುವ ಕೆಲಸವಲ್ಲ.

ಜರ್ಮನಿಯಲ್ಲಿ ಸುಮಾರು 50,000 ಆರ್ಗನ್‌ಗಳೂ ಅವನ್ನು ಕಟ್ಟಿ ದುರಸ್ತಿ ಮಾಡುವ 400ರಷ್ಟು ಸಂಸ್ಥೆಗಳೂ ಇವೆ. ಅಲ್ಲಿನ ಆರ್ಗನ್ ತಯಾರಿಕೆಯನ್ನೂ ಆರ್ಗನ್ ಸಂಗೀತವನ್ನೂ ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಉತ್ತರ ಸಮುದ್ರ ತೀರದ ಆರ್ಗನ್‌ಗಳಲ್ಲಿ ಬಹುಪಾಲು ಇಂದಿಗೂ ವಸ್ತುಸಂಗ್ರಹಾಲಯದ ವಸ್ತುಗಳಾಗಿಲ್ಲ. ಭಾನುವಾರದ ಪ್ರಾರ್ಥನೆಗೆ ನುಡಿಯುವ ವಾದ್ಯಗಳಾಗಿಯೇ ಉಳಿದಿವೆ.